ಕ್ರೇನಿಗೆ ರಜೆ ಇದ್ದ ದಿನ ಭಾವ ಸೈಕಲ್ ಹತ್ತಿದ್ದು

೧

ಎಲ್ಲಿಂದ ಶುರು ಮಾಡಲಿ? ಗಾಳಿಯಿಂದ ಶುರು ಮಾಡಿದರೆ ಇದೇನೋ ಹವಾಮಾನ ವರದಿ ಎಂದು ನೀವು ಪುಟ ತಿರುವುತ್ತೀರಿ. ಸೈಕಲ್ಲಿನಿಂದ ಶುರು ಮಾಡಿದರೆ ಬಾಲ್ಯದ ನೆನಪು ಬರಲಿದೆ ಎಂದು ಕಾಯುತ್ತೀರಿ. ಈ ಕಥೆಯಲ್ಲಿ ಬಾಲ್ಯವಿಲ್ಲ. ಸೈಕಲ್ ಮೇಲಿರುವ ಗಂಡಸಿಗೆ ಐವತ್ತನಾಲ್ಕು ವರ್ಷ, ಎಡ ಮಂಡಿಯಲ್ಲಿ ಸ್ವಲ್ಪ ನೋವು, ತಲೆಯಲ್ಲಿ ಒಂದು ಪ್ರಶ್ನೆ.

ಮಾಸಿಕದ ಸಂಪಾದಕಿ ನನ್ನಲ್ಲಿ ಕೇಳಿದ್ದು ಹಗುರವಾದ ಕಥೆ. ಗಾಳಿ ಬೀಸುವ ದಿನ, ಒಬ್ಬರೇ ಸೈಕಲ್ ಮೇಲೆ, ಯಾವ ಅವಸರವೂ ಇಲ್ಲ, ಅಂಥದ್ದೇನಾದರೂ ಕೊಡಿ ಎಂದಿದ್ದರು. ನನಗೆ ಅಂಥದೊಂದು ಸವಾರಿ ಗೊತ್ತಿತ್ತು. ನನ್ನ ಭಾವ ಹೋಗಿದ್ದು. ಹಗುರ ಎನ್ನುವುದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅವರು ಕೇಳಿದ ಹಾಗೆಯೇ ಇದೆ.

(ನನ್ನ ಹೊಟ್ಟೆಪಾಡಿನ ಬರವಣಿಗೆ ಬೇರೆ. ಮಿಕ್ಸಿ, ಗೀಸರ್, ಇಸ್ತ್ರಿಪೆಟ್ಟಿಗೆಗಳ ಜೊತೆ ಡಬ್ಬಿಯಲ್ಲಿ ಬರುತ್ತದಲ್ಲ ಒಂದು ಪುಸ್ತಕ, ಯಾರೂ ಓದದೆ ಎಸೆಯುವುದು, ಅದನ್ನು ಬರೆಯುವವಳು ನಾನು. ಆದ್ದರಿಂದ ಓದುಗರು ನನ್ನನ್ನು ಎಸೆಯುವುದು ನನಗೇನೂ ಹೊಸದಲ್ಲ.)

೨

ಮೊದಲ ಕರಡು ಹೀಗಿತ್ತು: "ಬೆನ್ನಿಗೆ ಗಾಳಿ, ಎದೆಯಲ್ಲಿ ಹಾಡು. ಕಾಲುವೆಯ ನೀರು ಬೆಳ್ಳಿಯಂತೆ ಮಿನುಗುತ್ತಿತ್ತು. ಅವನು ಪೆಡಲ್ ತುಳಿಯುತ್ತಿರಲಿಲ್ಲ, ತೇಲುತ್ತಿದ್ದ."

ಭಾವ ಊಟದ ಮೇಜಿನ ಮುಂದೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ ಓದಿದರು.

"ಎದೇಲಿ ಹಾಡೇನೂ ಇರ್ಲಿಲ್ಲ," ಎಂದರು. "ಹಲ್ಲಲ್ಲಿ ಧೂಳಿತ್ತು."

ಆ ಹಾಳೆ ಈಗ ಅಕ್ಕನ ಮಸಾಲೆ ಡಬ್ಬಿಯ ಕೆಳಗೆ ಹಾಸಿಕೊಂಡಿದೆ. ಅದಕ್ಕೆ ಅದೇ ಸರಿಯಾದ ಜಾಗ.

೩

ಇವರು ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ಭಾವ ಕ್ರೇನ್ ನಡೆಸುವವರು. ರಸ್ತೆಯ ಮೇಲೆ ಓಡಾಡುವ ಕ್ರೇನ್ ಅಲ್ಲ; ಕಟ್ಟಡ ಏಳುವಲ್ಲಿ ಆಕಾಶಕ್ಕೆ ನೆಟ್ಟಿರುತ್ತಾರಲ್ಲ, ಒಂದು ಕಂಬ, ಅದರ ನೆತ್ತಿಯಲ್ಲಿ ಒಂದು ಗಾಜಿನ ಗೂಡು, ಅಡ್ಡಲಾಗಿ ಒಂದು ಉದ್ದನೆಯ ತೋಳು, ಅದು. ದಿನಾ ಬೆಳಿಗ್ಗೆ ಇನ್ನೂರ ಹದಿನಾರು ಕಬ್ಬಿಣದ ಮೆಟ್ಟಿಲು ಹತ್ತಿ ಆ ಗೂಡಿನಲ್ಲಿ ಕೂರುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವರ ಕೈಯಿಂದ ಒಂದು ಇಟ್ಟಿಗೆ ಕೂಡ ಬಿದ್ದಿಲ್ಲ ಎಂಬುದು ನಮ್ಮ ಮನೆಯ ಒಂದೇ ಒಂದು ಹೆಮ್ಮೆ.

ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಹೇಳುವವಳು. ಅಲ್ಲಿ ಪ್ರತಿಯೊಂದನ್ನೂ ಎರಡೆರಡು ಸಲ ಹೇಳಬೇಕು. ಮನೆಯಲ್ಲೂ ಹಾಗೆಯೇ. "ಅನ್ನ ಆಯ್ತು, ಅನ್ನ ಆಯ್ತು." ಆದ್ದರಿಂದಲೇ ಈಚೆಗೆ ಕೆಲವು ತಿಂಗಳಿಂದ ಭಾವನೂ ಕೇಳಿದ್ದನ್ನೇ ಎರಡು ಸಲ ಕೇಳುತ್ತಿದ್ದುದು ನಮ್ಮ ಗಮನಕ್ಕೆ ಬರಲಿಲ್ಲ. ಸಹವಾಸದ ಗುಣ ಎಂದು ನಕ್ಕೆವು.

ನಾನು ಇದೇ ಮನೆಯ ಮೇಲಿನ ಕೋಣೆಯಲ್ಲಿರುತ್ತೇನೆ. ಅನ್ನಕ್ಕೆ ಕೆಳಗೆ, ಅಕ್ಷರಕ್ಕೆ ಮೇಲೆ.

೪

(ಈ ಭಾಗವನ್ನು ಭಾವ ತೆಗೆಸಿದರು. ಅವರ ಅಪ್ಪನ ಬಗ್ಗೆ ಇತ್ತು. "ಅಪ್ಪನ್ನ ಯಾಕೆ ಎಳೀತೀಯ, ಪಾಪ" ಎಂದರು. ಬಹಳ ಚೌಕಾಸಿ ಮಾಡಿದ ಮೇಲೆ ಎರಡು ವಾಕ್ಯಕ್ಕೆ ಒಪ್ಪಿದರು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅರವತ್ತು ತುಂಬುವುದರೊಳಗೆ ಬಿಚ್ಚಿದ ಗಡಿಯಾರವನ್ನು ತಿರುಗಿ ಜೋಡಿಸುವುದು ಅವರಿಗೆ ಮರೆತುಹೋಗಿತ್ತು.)

೫

ಆ ದಿನ ಬೆಳಿಗ್ಗೆ ಏಳಕ್ಕೆ ಸೈಟಿನ ಎಂಜಿನಿಯರರ ಮೆಸೇಜು ಬಂತು. ಗಾಳಿ ಜೋರಿದೆ, ಇಂದು ಕ್ರೇನ್ ಕೆಲಸವಿಲ್ಲ, ಆಪರೇಟರ್ ಬರಬೇಕಾಗಿಲ್ಲ. ಕೆಳಗೆ ನಮ್ಮ ಸೆರಗು ಹಾರುವಷ್ಟು ಗಾಳಿಯೆಂದರೆ ಮೇಲೆ ಅದರ ದುಪ್ಪಟ್ಟು ಇರುತ್ತದೆ.

ಭಾವ ಎರಡು ಲೋಟ ಕಾಫಿ ಕುಡಿದರು. ಪೇಪರನ್ನು ಜಾಹೀರಾತು ಸಮೇತ ಓದಿದರು. ಆಮೇಲೆ ಮೆಟ್ಟಿಲ ಕೆಳಗಿದ್ದ ಹಳೆಯ ಸೈಕಲ್ಲನ್ನು ಹೊರಗೆಳೆದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಕಾಲುವೆ ದಂಡೆಯವರೆಗೆ ಹೋಗಿ ಬರುತ್ತೇನೆ ಎಂದರು. ಅಕ್ಕ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಮಫ್ಲರ್ ಕಟ್ಟಿಕೊಳ್ಳಿ ಎಂದಳು. ಎರಡು ಸಲ.

ಹೊರಟಾಗ ಒಂಬತ್ತೂವರೆ. ಗಾಳಿ ಊರಿನ ಕಡೆಯಿಂದ ಕಾಲುವೆಯ ಕಡೆಗೆ ಬೀಸುತ್ತಿತ್ತು. ಅಂದರೆ ಬೆನ್ನಿಗೆ. ಗೋದಾಮುಗಳ ಸಾಲು ದಾಟಿ, ರೈಲು ಹಳಿಯ ಮೇಲಿನ ಸೇತುವೆ ಹತ್ತಿ ಇಳಿದು, ದಂಡೆಯ ಮಣ್ಣುರಸ್ತೆ ಹಿಡಿದರು. ತುಳಿಯುವುದೇ ಬೇಕಿರಲಿಲ್ಲವಂತೆ. ಮೈಲಿಗಲ್ಲುಗಳು ತಾವಾಗಿಯೇ ಹಿಂದೆ ಸರಿಯುತ್ತಿದ್ದವು. ಯಾರೋ ಒಣಹಾಕಿದ್ದ ಅಂಗಿಯೊಂದು ಎರಡೂ ತೋಳು ಚಾಚಿ ರಸ್ತೆ ದಾಟಿ ಹೋಯಿತು. ಅದರ ಹಿಂದೆ ಒಬ್ಬಾಕೆ ಓಡಿದಳು. ಭಾವ ಇಳಿದು, ಬೇಲಿಯಲ್ಲಿ ಸಿಕ್ಕಿಕೊಂಡ ಅಂಗಿಯನ್ನು ಬಿಡಿಸಿ ಕೊಟ್ಟು ಮುಂದೆ ಹೋದರು.

(ಸಂಪಾದಕಿಯವರೇ, ನೀವು ಕೇಳಿದ ಕಥೆ ಇದೇ. ಇಷ್ಟೇ. ಇಲ್ಲಿಗೆ ಕತ್ತರಿಸಿ ಹಾಕಿಕೊಂಡರೆ ನನ್ನ ತಕರಾರಿಲ್ಲ.)

೬

ಹನ್ನೆರಡು ಕಿಲೋಮೀಟರ್ ಆಚೆ, ಕಾಲುವೆಯ ತೂಬಿನ ಬಳಿ ಒಂದು ಚಹಾದಂಗಡಿ. ಭಾವ ಬೆಂಚಿನ ಮೇಲೆ ಕೂತರು. ಅಂಗಡಿಯಾಕೆ ಚಹಾ ಕೊಡುವ ಮೊದಲು ಹೊರಗೆ ಬಂದು, ನೆರಳಿಗೆ ಕಟ್ಟಿದ್ದ ಟಾರ್ಪಾಲಿನ ಹಗ್ಗಗಳಲ್ಲಿ ಎರಡನ್ನು ಬಿಚ್ಚಿದಳು. ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತ ಗಾಳಿ ಹೋಗುವ ಕಡೆಗೆ ತಿರುಗಿತು. ಹಾರಿಹೋಗುವುದಿಲ್ಲವೇ ಎಂದು ಭಾವ ಕೇಳಿದರು. "ಬಿಗಿಯಾಗಿ ಕಟ್ಟಿದ್ರೇನೇ ಹರಿಯೋದು," ಎಂದಳು. "ಬಿಟ್ರೆ ಏನೂ ಆಗಲ್ಲ."

ಚಹಾ ಬಂದರೂ ಭಾವ ಲೋಟ ಮುಟ್ಟಲಿಲ್ಲ.

ಯಾಕೆಂದು ಹೇಳಬೇಕಾದರೆ ನಾನು ಕೈಪಿಡಿಯ ಭಾಷೆಗೆ ಇಳಿಯಬೇಕು, ಕ್ಷಮಿಸಿ. ಕೆಲಸ ಮುಗಿಸಿ ಇಳಿಯುವ ಮುನ್ನ ಆಪರೇಟರ್ ಮಾಡಬೇಕಾದ್ದು: ಕೊಕ್ಕೆಯನ್ನು ಮೇಲಕ್ಕೆಳೆದು ಕಂಬದ ಹತ್ತಿರ ತರುವುದು. ತೋಳು ತಿರುಗದಂತೆ ಹಿಡಿದಿಡುವ ಬ್ರೇಕನ್ನು ಬಿಟ್ಟುಬಿಡುವುದು. ಕರೆಂಟು ಆರಿಸುವುದು. ಇವುಗಳಲ್ಲಿ ಬ್ರೇಕು ಮುಖ್ಯ. ಬ್ರೇಕು ಬಿಟ್ಟಿದ್ದರೆ ತೋಳು ಗಾಳಿ ಹೋಗುವ ಕಡೆಗೆ ತಾನೇ ತಿರುಗಿಕೊಂಡು ನಿಲ್ಲುತ್ತದೆ, ಎಂಥ ಬಿರುಗಾಳಿಯನ್ನೂ ತಡೆಯುತ್ತದೆ. ಹಿಡಿದಿದ್ದರೆ ಗಾಳಿ ಅಡ್ಡಕ್ಕೆ ಹೊಡೆಯುತ್ತದೆ, ಇಡೀ ಕ್ರೇನು ಬುಡಸಮೇತ ಉರುಳಬಹುದು.

ನಿನ್ನೆ ಸಂಜೆ ಬ್ರೇಕ್ ಬಿಟ್ಟೆನೇ?

ನೆನಪು ಮಾಡಿಕೊಳ್ಳಲು ಕೂತರು. ಕೈ ಹಳದಿ ಹಿಡಿಯ ಮೇಲಿರುವುದು ಕಣ್ಣಿಗೆ ಕಟ್ಟಿತು. ಆದರೆ ಅದು ನಿನ್ನೆಯ ಕೈಯೋ ಮೊನ್ನೆಯದೋ? ಹತ್ತೊಂಬತ್ತು ವರ್ಷದ ಎಲ್ಲ ಸಂಜೆಗಳೂ ಒಂದೇ ಸಂಜೆಯ ಹಾಗಿದ್ದವು. ಅಷ್ಟು ಕಂತೆಯಲ್ಲಿ ನಿನ್ನೆಯದನ್ನು ಮಾತ್ರ ಎಳೆಯಲು ಹೋದರೆ ಬರುತ್ತಿರಲಿಲ್ಲ.

ಆ ತೋಳಿನ ಕೆಳಗೆ ಬಸ್ ತಂಗುದಾಣವಿದೆ. ಪಕ್ಕದಲ್ಲಿ ಹಲ್ಲಿನ ಡಾಕ್ಟರರ ಕ್ಲಿನಿಕ್ಕು, ಎದುರಿಗೆ ಬೀಗದ ಕೈ ಮಾಡುವವನ ಗೂಡಂಗಡಿ. ಬೆಳಿಗ್ಗೆ ಹತ್ತೂವರೆಗೆ ಅಲ್ಲಿ ಎಷ್ಟು ಜನ ನಿಂತಿರುತ್ತಾರೆಂದು ಭಾವನಿಗೆ ಮೇಲಿನಿಂದ ನೋಡಿ ನೋಡಿ ಗೊತ್ತಿತ್ತು. ಮೂವತ್ತು. ಮಳೆ ಬಂದರೆ ನಲವತ್ತು.

೭

ಇಲ್ಲಿ ನಮಗೆ ದೊಡ್ಡ ಜಗಳವಾಯಿತು.

ಎರಡನೆಯ ಕರಡಿನಲ್ಲಿ ನಾನು ಬರೆದದ್ದು: "ಅವರು ಫೋನ್ ತೆಗೆದರು. ಚಾರ್ಜು ಸತ್ತಿತ್ತು." ಕಥೆಗಾರರಿಗೆ ಇದು ಗೊತ್ತಿರುವ ಉಪಾಯ. ಈ ಕಾಲದಲ್ಲಿ ಯಾರನ್ನಾದರೂ ಕಷ್ಟಕ್ಕೆ ಸಿಕ್ಕಿಸಬೇಕೆಂದರೆ ಮೊದಲು ಅವರ ಫೋನನ್ನು ಸಾಯಿಸಬೇಕು.

ಭಾವ ಅದರ ಮೇಲೆ ಬೆರಳಿಟ್ಟರು.

"ಚಾರ್ಜ್ ಇತ್ತು," ಎಂದರು.

ಕಥೆಗೆ ಹಾಗೆ ಬೇಕು ಎಂದೆ. ಇಲ್ಲದಿದ್ದರೆ ಓದುವವರಿಗೆ ನಿಮ್ಮ ಮೇಲೆ ಕೋಪ ಬರುತ್ತದೆ ಎಂದೆ.

"ಬರ್ಲಿ. ಸೀಟಿಗೆ ಮೂರು ಸಲ ಮಾಡ್ದೆ, ಅವನು ಎತ್ಲಿಲ್ಲ. ಎಂಜಿನಿಯರ್ ನಂಬರ್ ಅದರ ಕೆಳಗೇ ಇತ್ತು. ಒಂದು ಫೋನ್ ಮಾಡಿದ್ರೆ ರಸ್ತೆ ಖಾಲಿ ಮಾಡಿಸ್ತಿದ್ರು. ನಾನು ಮಾಡ್ಲಿಲ್ಲ. ಅದನ್ನ ಬರಿ."

ಬರೆದಿದ್ದೇನೆ. ಸೀಟಿ ಎಂದರೆ ಕೆಳಗೆ ನಿಂತು ಕ್ರೇನಿಗೆ ಸನ್ನೆ ಮಾಡುವಾತ. ಕೊರಳಲ್ಲಿ ಸದಾ ಸೀಟಿ ಇರುವುದರಿಂದ ಆ ಹೆಸರು. ನಲವತ್ತು ದಾಟಿದವನು, ಭಾವನ ಜೊತೆ ಎಂಟು ವರ್ಷದಿಂದ ಇದ್ದಾನೆ, ಕೆಲಸ ಕಲಿತದ್ದೂ ಭಾವನಿಂದಲೇ.

ಎಂಜಿನಿಯರರಿಗೆ ಯಾಕೆ ಮಾಡಲಿಲ್ಲ? ಬ್ರೇಕ್ ಬಿಟ್ಟಿದ್ದೆನೋ ನೆನಪಿಲ್ಲ ಎಂದು ಆಪರೇಟರ್ ಬಾಯಿಬಿಟ್ಟು ಹೇಳಿದರೆ ಮರುದಿನ ಆತ ಆಪರೇಟರ್ ಆಗಿರುವುದಿಲ್ಲ. ಅದೊಂದು. ಇನ್ನೊಂದು, ಹಾಗೆ ಹೇಳಿದ ಮೇಲೆ ಮನೆಯಲ್ಲೂ ಹೇಳಬೇಕಾಗುತ್ತದೆ. ಕೊಡೆ ಎಲ್ಲಿಟ್ಟೆನೆಂದು ಮರೆತದ್ದು, ಸ್ವಂತ ಬೀದಿಯ ತಿರುವಿನಲ್ಲಿ ಒಂದು ಗಳಿಗೆ ನಿಂತು ಯೋಚಿಸಿದ್ದು, ಗಡಿಯಾರದ ಅಪ್ಪ, ಎಲ್ಲ ಒಂದರ ಹಿಂದೊಂದು ಹೊರಗೆ ಬರುತ್ತವೆ. ಫೋನನ್ನು ಜೇಬಿಗೆ ಹಾಕಿಕೊಂಡು ಭಾವ ಸೈಕಲ್ ತಿರುಗಿಸಿದರು.

೮

ಹೋಗುವಾಗ ಮುಕ್ಕಾಲು ಗಂಟೆಯ ದಾರಿ. ಮರಳುವಾಗ ಒಂದೂಮುಕ್ಕಾಲು.

ಬೆನ್ನು ತಟ್ಟಿ ಕಳಿಸಿದ್ದ ಗಾಳಿ ಈಗ ಎದೆಗೆ ಕೈಯಿಟ್ಟು ತಳ್ಳುತ್ತಿತ್ತು. ತಲೆ ತಗ್ಗಿಸಿ ತುಳಿದರು. ದಂಡೆಯ ಮೇಲಿನ ಧೂಳು ಕಣ್ಣಿಗೆ ನುಗ್ಗಿತು. ಎರಡು ಸಲ ಗಾಳಿಯ ಹೊಡೆತಕ್ಕೆ ಸೈಕಲ್ ಪಕ್ಕಕ್ಕೆ ಸರಿದು ಒಂದು ಕಾಲು ಊರಬೇಕಾಯಿತು. ಅಂಬುಲೆನ್ಸಿನ ಸದ್ದು ಎಲ್ಲಾದರೂ ಬರುತ್ತಿದೆಯೇ ಎಂದು ಕಿವಿಗೊಟ್ಟರೆ ಗಾಳಿಯೇ ಎಲ್ಲ ದನಿಗಳಲ್ಲೂ ಕೂಗುತ್ತಿತ್ತು.

ತುಳಿಯುತ್ತಲೇ ಭಾವ ಒಂದು ಲೆಕ್ಕ ಹಾಕಿಕೊಂಡರು. ಹತ್ತಿ ನೋಡಬೇಕಿಲ್ಲ, ದೂರದಿಂದ ಕಂಡರೂ ಸಾಕು. ಗಾಳಿ ಊರಿನಿಂದ ತಮ್ಮ ಕಡೆಗೆ ಬೀಸುತ್ತಿದೆ. ಬ್ರೇಕು ಬಿಟ್ಟಿದ್ದರೆ ಕ್ರೇನಿನ ತೋಳು ಸೀದಾ ತಮ್ಮ ಕಡೆಗೇ ಚಾಚಿಕೊಂಡಿರಬೇಕು. ಅಡ್ಡಲಾಗಿ ಕಂಡರೆ ಮುಗಿಯಿತು. ನಡುವೆ ಗೋದಾಮುಗಳ ಸಾಲು ಇರುವುದರಿಂದ ಕಾಣುವುದು ಒಂದೇ ಕಡೆಯಿಂದ, ರೈಲು ಸೇತುವೆಯ ನೆತ್ತಿಯಿಂದ.

ಸೇತುವೆಯ ಏರಿನಲ್ಲಿ ಇಳಿದು ತಳ್ಳಿಕೊಂಡು ಹತ್ತಿದರು.

("ಇಳಿದಿಲ್ಲ," ಎಂದು ಭಾವ ಹಾಳೆಯ ಅಂಚಿನಲ್ಲಿ ಬರೆದಿದ್ದಾರೆ. "ತುಳಿದೇ ಹತ್ತಿದ್ದು." ಆದರೆ ಇಳಿದೆ ಎಂದು ನನಗೆ ಹೇಳಿದ್ದು ಅವರೇ. ಅವರು ಹೇಳಿ ಮರೆತರೋ, ಮಾನಕ್ಕಂಜಿ ತಿದ್ದಿದರೋ, ಅವರು ಹೇಳದೆಯೇ ನಾನು ಕೇಳಿಸಿಕೊಂಡೆನೋ. ಬೇರೆ ವರ್ಷವಾಗಿದ್ದರೆ ಇಂಥದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವ ಚಟ ಹತ್ತಿದೆ. ಎರಡೂ ಇರಲಿ.)

ನೆತ್ತಿಗೆ ಬಂದು ಕಣ್ಣೊರೆಸಿಕೊಂಡು ನೋಡಿದರು. ಕಂಬ ನಿಂತಿತ್ತು. ತೋಳು ಇರಲಿಲ್ಲ.

ಸೈಕಲ್ಲು ಕೈತಪ್ಪಿ ಬಿತ್ತು. ಮುರಿದು ಬಿದ್ದಿದೆ, ತಂಗುದಾಣದ ಮೇಲೇ ಬಿದ್ದಿದೆ ಎಂದು ಕಂಬಿ ಹಿಡಿದು ನಿಂತರು. ಆ ಹೊತ್ತಿನಲ್ಲಿ ಏನನಿಸಿತು ಎಂದು ಕೇಳಿದ್ದಕ್ಕೆ, ಬರುವ ರೈಲಿನ ಕಡೆ ನೋಡಿದೆ ಎಂದಷ್ಟೇ ಹೇಳಿದರು. ನಾನು ಮುಂದೆ ಕೇಳಲಿಲ್ಲ. ನೀವೂ ಕೇಳಬೇಡಿ.

ಅಷ್ಟರಲ್ಲಿ ಗಾಳಿ ಒಂದಿಷ್ಟು ಮಗ್ಗುಲು ಬದಲಿಸಿತು. ಕಂಬದ ತುದಿಯಿಂದ ಒಂದು ಕಡ್ಡಿಯಷ್ಟು ಗೆರೆ ಬಲಕ್ಕೆ ಹೊರಬಂತು, ಬೆಳೆಯಿತು, ನಿಂತಿತು, ಮತ್ತೆ ಮೆಲ್ಲಗೆ ಒಳಗೆ ಸೇರಿಕೊಂಡಿತು. ತೋಳು ಇತ್ತು. ಸೀದಾ ಅವರ ಕಡೆಗೇ ಚಾಚಿತ್ತು. ನೇರ ನಮ್ಮ ಮುಖಕ್ಕೆ ತೋರಿಸಿದ ಬೆರಳಿನ ಉದ್ದ ನಮಗೆ ಕಾಣುವುದಿಲ್ಲವಲ್ಲ, ಹಾಗೆ.

ಅಲ್ಲೇ ಕಾಲುದಾರಿಯ ಕಲ್ಲಿನ ಮೇಲೆ ಕೂತರು. ಕೆಳಗೆ ರೈಲು ಹೋಯಿತು.

(ಅತ್ತರು ಎಂದು ಬರೆಯಬಾರದಂತೆ. ಬರೆದಿಲ್ಲ. ಅಷ್ಟು ಗಾಳಿಗೆ ಯಾರ ಕಣ್ಣಲ್ಲಾದರೂ ನೀರು ಬರುತ್ತದೆ.)

೯

ಎರಡನೆಯ ಬಾರಿ ಹೇಳುತ್ತಿದ್ದೇನೆ, ಇಲ್ಲಿಗೆ ಮುಗಿಸಬಹುದು. ಆತಂಕ, ಎದುರುಗಾಳಿ, ನಿರಾಳ. ಸಂಪಾದಕಿ ಖುಷಿಯಾಗುತ್ತಾರೆ. ಆದರೆ ಭಾವ ಅಲ್ಲಿಂದ ಮನೆಗೆ ಬರಲಿಲ್ಲ, ಸೈಟಿಗೆ ಹೋದರು. ಹತ್ತಿರದಿಂದ ಒಮ್ಮೆ ನೋಡಿಬಿಡೋಣ ಎನಿಸಿತಂತೆ.

ಸೀಟಿ ಒಬ್ಬನೇ ಇದ್ದ. ತಗಡಿನ ಹಾಳೆಗಳು ಹಾರದಂತೆ ಮೇಲೆ ಕಲ್ಲು ಹೇರುತ್ತಿದ್ದ. ಫೋನಿನ ಸದ್ದು ಅದಕ್ಕೇ ಕೇಳಿಸಿರಲಿಲ್ಲ. ರಜಾ ದಿನವೂ ಬಂದಿರಲ್ಲ ಎಂದು ಕೇಳಿದ. ಭಾವ ನಗುನಗುತ್ತ, ಬ್ರೇಕ್ ಬಿಟ್ಟಿದ್ದೆನೋ ಇಲ್ಲವೋ ಎಂದು ಹುಚ್ಚು ಅನುಮಾನ ಬಂತು, ಅದಕ್ಕೇ ಬಂದೆ ಎಂದರು. ಸೀಟಿ ನಗಲಿಲ್ಲ. ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ.

"ನಿನ್ನೆ ಬಿಟ್ಟಿದ್ರಿ ಅಣ್ಣ."

"ನಿನ್ನೆ ಅಂದ್ರೆ?"

"ನಿನ್ನೆ ಸರಿಯಾಗೇ ಬಿಟ್ಟಿದ್ರಿ. ಹೋದ ತಿಂಗ್ಳು ಎರಡು ಸಲ ಬಿಟ್ಟಿರ್ಲಿಲ್ಲ. ನಾನೇ ಹತ್ತಿ ಬಿಟ್ಟೆ." ಮುಖ ಬೇರೆ ಕಡೆ ತಿರುಗಿಸಿದ. "ಅವತ್ತಿಂದ ದಿನಾ ನೀವು ಹೋದ ಮೇಲೆ ಒಂದ್ಸಲ ಹತ್ತಿ ನೋಡ್ತೀನಿ. ಹೇಳೋಣ ಅಂತ ಎಷ್ಟೋ ಸಲ ಬಾಯಿ ತೆಗೆದೆ. ಆಗ್ಲಿಲ್ಲ."

ಯಾವ ಎರಡು ದಿನ ಎಂದು ಭಾವ ಕೇಳಿದರು. ಒಂದು ದಿನ ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಇನ್ನೊಂದು ಮಂಗಳವಾರ, ಸಿನಿಮಾಕ್ಕೆ ಹೋಗಬೇಕೆಂದು ಬೇಗ ಇಳಿದ ದಿನ.

ಆ ಮಂಗಳವಾರ ನನಗೂ ನೆನಪಿದೆ. ನಾವು ಮೂವರೂ ಹೋಗಿದ್ದೆವು. ಇಡೀ ಥಿಯೇಟರಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಭಾವ. ಮನೆಗೆ ಬಂದು ತಲೆದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಹೋಗಿದ್ದರು.

ಇದೇ ಅವರನ್ನು ಮುರಿದದ್ದು. ಹನ್ನೆರಡು ಕಿಲೋಮೀಟರ್ ಎದೆ ಬಡಿದುಕೊಂಡು ಬಂದ ದಿನ ಏನೂ ತಪ್ಪಾಗಿರಲಿಲ್ಲ. ತಪ್ಪಾಗಿದ್ದ ದಿನ ಎದೆ ಬಡಿದುಕೊಂಡಿರಲೇ ಇಲ್ಲ. ಹೆದರಿಕೆ ಬಂದಾಗ ಹುಷಾರಾಗಬಹುದು. ಅದು ಬಾರದೇ ಇದ್ದಾಗ ಮನುಷ್ಯ ಯಾವುದನ್ನು ನಂಬಬೇಕು?

೧೦

ಯಾರಿಗೂ ಗೊತ್ತಾಗಬೇಕಿಲ್ಲ, ನಾನು ದಿನಾ ನೋಡಿಕೊಳ್ಳುತ್ತೇನೆ ಎಂದು ಸೀಟಿ ಹೇಳಿದ. ಭಾವ ತಲೆಯಾಡಿಸಿ ಮನೆಗೆ ಬಂದರು. ಸವಾರಿ ಹೇಗಿತ್ತು ಎಂದು ಅಕ್ಕ ಕೇಳಿದ್ದಕ್ಕೆ ಗಾಳಿ ಜಾಸ್ತಿ ಎಂದರು.

ಮರುದಿನ ಗಾಳಿ ನಿಂತಿತ್ತು. ಕೆಲಸಕ್ಕೆ ಹೋಗಿ ಏಣಿ ಹತ್ತತೊಡಗಿದರು. ನಡುನಡುವೆ ನಿಂತು ಉಸಿರು ತೆಗೆದುಕೊಳ್ಳಲು ಕಬ್ಬಿಣದ ಅಟ್ಟಣೆಗಳಿವೆ. ಐದನೆಯದರ ಮೇಲೆ ನಿಂತರು. ಕೆಳಗೆ ತಂಗುದಾಣದಲ್ಲಿ ಜನ ಬಸ್ಸಿಗೆ ಕಾಯುತ್ತಿದ್ದರು. ಒಬ್ಬ ಮುದುಕ ಪೇಪರು ಬಿಡಿಸಿ ಹಿಡಿದಿದ್ದ. ಎಷ್ಟೋ ಹೊತ್ತು ನೋಡಿದರು. ಆಮೇಲೆ ಇಳಿದು, ಎಂಜಿನಿಯರರ ಕೋಣೆಗೆ ಹೋಗಿ, ಇನ್ನು ನನ್ನನ್ನು ಕ್ರೇನ್ ಹತ್ತಿಸಬೇಡಿ ಎಂದರು. ಕಾರಣ ಹೇಳಿದರು.

ಎಂಜಿನಿಯರ್ ಭಾವನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಕುರ್ಚಿಯಿಂದ ಎದ್ದು ನಿಂತರಂತೆ. "ಇದನ್ನ ಯಾರು ನೋಡಿದ್ದು?" ಎಂದು ಕೇಳಿದರು.

"ನಾನೇ ನೋಡ್ಕೊಂಡೆ," ಎಂದರು ಭಾವ.

(ಸೀಟಿ, ಇದನ್ನು ನೀನು ಓದುತ್ತಿದ್ದರೆ, ಅವರು ನಿನ್ನ ಹೆಸರು ಹೇಳಿಲ್ಲ. ನಾನು ಹೇಳಿದ್ದೇನೆ, ಆದರೆ ನಿನ್ನ ನಿಜವಾದ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.)

ಆ ಸಂಜೆ ಅಕ್ಕನಿಗೆ ಹೇಳಿದರು. ಅಪ್ಪನಿಂದ ಹಿಡಿದು ಏಣಿಯವರೆಗೆ ಎಲ್ಲವನ್ನೂ. ಅಕ್ಕ ಪೂರ್ತಿ ಕೇಳಿ, "ಸರಿ, ಡಾಕ್ಟ್ರ ಹತ್ರ ಹೋಗೋಣ" ಎಂದಳು. ಒಂದೇ ಸಲ.

೧೧

ಮುಕ್ತಾಯಗಳು. ಮೂರಿವೆ.

ಒಂದು: ನಾಳೆ ಗುರುವಾರ, ಪರೀಕ್ಷೆಗಳ ಫಲಿತಾಂಶ ನೋಡಿ ಡಾಕ್ಟರು ನಗುತ್ತಾರೆ. ರಕ್ತದಲ್ಲಿ ಏನೋ ಕಡಿಮೆಯಿದೆ, ಮೂರು ತಿಂಗಳು ಮಾತ್ರೆ ತಿನ್ನಿ, ಎಲ್ಲ ಸರಿಹೋಗುತ್ತದೆ. ಇದು ಅಕ್ಕನಿಗೆ ಬೇಕಾದದ್ದು. ನನ್ನ ಹತ್ತಿರ ಎರಡು ಸಲ ಓದಿಸಿಕೊಂಡಳು.

ಎರಡು: ಡಾಕ್ಟರು ನಗುವುದಿಲ್ಲ. ಇದನ್ನು ನಾಲ್ಕು ಸಾಲು ಬರೆದು ನಿಲ್ಲಿಸಿದೆ. ಆ ಹಾಳೆ ಅಕ್ಕನ ಕಣ್ಣಿಗೆ ಬಿದ್ದು, ಅವಳು ಮಡಿಚಿ ಒಲೆಗೆ ಹಾಕಿದಳು.

ಮೂರು: ಈಗಲೇ ಏನೂ ಹೇಳಲಾಗದು, ಆರು ತಿಂಗಳು ಬಿಟ್ಟು ಬನ್ನಿ ಎನ್ನುತ್ತಾರೆ. ಇದನ್ನು ಓದಿ ಭಾವ, "ಇದೇ ಆಗೋದು ನೋಡು. ಡಾಕ್ಟ್ರು ಯಾವಾಗ್ಲೂ ಇದನ್ನೇ ಹೇಳೋದು" ಎಂದರು. ಹಾಗಾದರೆ ಇದನ್ನೇ ಇಟ್ಟುಕೊಳ್ಳಲೇ ಎಂದು ಕೇಳಿದೆ. ನಾಳೆಯದನ್ನು ನಾಳೆ ನೋಡಿಕೊಳ್ಳೋಣ, ಇವತ್ತಿನದನ್ನು ಬರಿ ಎಂದರು.

೧೨

ಇವತ್ತು ಬುಧವಾರ. ಸೈಟಿನಲ್ಲಿ ಈಗ ಭಾವನಿಗೆ ಕೆಳಗಿನ ಕೆಲಸ; ಪರೀಕ್ಷೆಗಳಿಗಾಗಿ ಈ ವಾರ ರಜೆಯಲ್ಲಿದ್ದಾರೆ. ಮಧ್ಯಾಹ್ನ ಗಾಳಿ ಎದ್ದಿತು. ಎರಡೂವರೆಗೆ ಸೈಕಲ್ ಹೊರಗೆ ತೆಗೆದು, ಸುಮ್ಮನೆ ಒಂದು ಸುತ್ತು, ಅರ್ಧ ಗಂಟೆಯಲ್ಲಿ ಬಂದೆ ಎಂದು ಹೊರಟರು. ನಾನೂ ಬರಲೇ ಎಂದು ಅಕ್ಕ ಕೇಳಿದಳು. ನಿನಗೆ ಸೈಕಲ್ ಬರುವುದಿಲ್ಲವಲ್ಲ ಎಂದು ನಕ್ಕರು.

ಈಗ ನಾಲ್ಕಕ್ಕೆ ಹತ್ತು ನಿಮಿಷ.

ಫೋನ್ ಮಾಡಿದೆವು. ಹೋಗುತ್ತಿದೆ, ಎತ್ತುತ್ತಿಲ್ಲ. ಗಾಳಿಯಲ್ಲಿ ಸೈಕಲ್ ಮೇಲಿರುವವರಿಗೆ ಕೇಳಿಸುವುದಿಲ್ಲ, ಅಷ್ಟೇ. ಸೇತುವೆಯ ಮೇಲೆ ನಿಂತು ಏನೋ ನೋಡುತ್ತಿರಬಹುದು. ಪರಿಚಯದವರು ಸಿಕ್ಕಿರಬಹುದು. ಆರಾಮವಾಗಿ ತಿರುಗಾಡುತ್ತಿರಬಹುದು, ಆರಾಮವಾಗಿ ಹೋಗುವವರಿಗೆ ಹೊತ್ತಿನ ಪರಿವೆ ಇರುವುದಿಲ್ಲ. ದಾರಿ ತಪ್ಪಿದವರೂ ನಿಧಾನವಾಗಿಯೇ ಹೋಗುತ್ತಾರೆ. ಕಾಯುವವರಿಗೆ ಎರಡೂ ಒಂದೇ ಥರ.

ಅಕ್ಕ ಗೇಟಿನ ಬಳಿ ನಿಂತಿದ್ದಾಳೆ. ಅಲ್ಲಿಂದ ಅವಳಿಗೆ ಎದುರುಮನೆಯವರೆಗಷ್ಟೇ ಕಾಣುತ್ತದೆ. ಬೀದಿಯ ತಿರುವು ಕಾಣುವುದು ನನ್ನ ಈ ಕಿಟಕಿಯಿಂದ. ಈಗ ಅವಳು ಮೇಲಕ್ಕೆ ಮುಖ ಮಾಡಿ ಏನೋ ಕೂಗುತ್ತಿದ್ದಾಳೆ. "ಬಂದ್ರು" ಎನ್ನುತ್ತಿದ್ದಾಳೋ, "ಬಂದ್ರಾ" ಎಂದು ಕೇಳುತ್ತಿದ್ದಾಳೋ, ಗಾಳಿಗೆ ತಿಳಿಯುತ್ತಿಲ್ಲ. ತಿಳಿಯಬೇಕಾದರೆ ನಾನು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಬೇಕು.